ಮೊದಲು ಸಿಕ್ಕಿದ್ದು ಯಾವ ಹಾಡು?

‘ವಿಯರ್ಡ್ ಆಲ್’ ಯಾಂಕೋವಿಕ್‌ನ ಇಬ್ಬರು ಅಭಿಮಾನಿಗಳು ಎಲ್ಲಾದರೂ ಎದುರಾದರೆ ಹೆಸರು, ಊರು, ಕೆಲಸ ಎಲ್ಲ ಆಮೇಲೆ. ‘ನಿನಗೆ ಮೊದಲು ಸಿಕ್ಕಿದ್ದು ಯಾವ ಹಾಡು?’ ಎಂಬ ಪ್ರಶ್ನೆ ಮೊದಲು. ನಮ್ಮ ಹಿರಿಯರು ಗೋತ್ರ ಕೇಳುತ್ತಿದ್ದರಲ್ಲ, ಹಾಗೆ. ಉತ್ತರ ಬಂದೊಡನೆ ಎದುರಿಗಿರುವವರ ವಯಸ್ಸೆಷ್ಟು, ಚಿಕ್ಕಂದಿನಲ್ಲಿ ಮನೆಗೆ ಕೇಬಲ್ ಬಂದಿತ್ತೇ, ಕ್ಯಾಸೆಟ್ ತಂದುಕೊಡುವ ಅಣ್ಣನೋ ಅಕ್ಕನೋ ಇದ್ದರೇ ಎಂಬುದೆಲ್ಲ ಸುಮಾರಾಗಿ ಗೊತ್ತಾಗಿಬಿಡುತ್ತದೆ. ‘ಅನದರ್ ಒನ್ ರೈಡ್ಸ್ ದ ಬಸ್’ ಎಂದವರಿಗೆ ಈಗ ಅರವತ್ತರ ಆಸುಪಾಸು. ಭಾನುವಾರ ರಾತ್ರಿ ರೇಡಿಯೊಗೆ ಕಿವಿಗೊಟ್ಟು ಕೂತವರು. ‘ಈಟ್ ಇಟ್’ ಎಂದವರು ಟೀವಿಯವರು. ‘ಅಮಿಶ್ ಪ್ಯಾರಡೈಸ್’ ಎಂದವರು ತೊಂಬತ್ತರ ದಶಕದ ಶಾಲಾ ಬಸ್ಸಿನಲ್ಲಿ ಒಂದೇ ಇಯರ್‌ಫೋನನ್ನು ಹಂಚಿಕೊಂಡವರು. ‘ವೈಟ್ ಆ್ಯಂಡ್ ನರ್ಡಿ’ ಎಂದವರು ಯೂಟ್ಯೂಬ್ ಇನ್ನೂ ಹೊಸತಾಗಿದ್ದಾಗ ಹೈಸ್ಕೂಲಿನಲ್ಲಿದ್ದವರು.

ಆಲ್ಫ್ರೆಡ್ ಮ್ಯಾಥ್ಯೂ ಯಾಂಕೋವಿಕ್ ಹುಟ್ಟಿದ್ದು 1959ರಲ್ಲಿ, ಕ್ಯಾಲಿಫೋರ್ನಿಯಾದ ಡೌನಿಯಲ್ಲಿ. ಬೆಳೆದದ್ದು ಹತ್ತಿರದ ಲಿನ್‌ವುಡ್‌ನಲ್ಲಿ. ಕಸುಬು ಅಣಕವಾಡು. ಊರಿಗೂರೇ ಗುನುಗುತ್ತಿರುವ ಹಾಡೊಂದನ್ನು ಎತ್ತಿಕೊಂಡು, ರಾಗ, ತಾಳ, ವಾದ್ಯ ಯಾವುದನ್ನೂ ಕದಲಿಸದೆ ಮಾತು ಮಾತ್ರ ಬದಲಿಸಿ ನಗಿಸುವುದು. ವಿರಹದ ಹಾಡು, ಬೀದಿಜಗಳದ ಹಾಡು, ಗತ್ತಿನ ಹಾಡು ಯಾವುದೇ ಇರಲಿ, ಆತನ ಕೈಗೆ ಸಿಕ್ಕರೆ ಊಟ, ಟೀವಿ, ಬಸ್ ಪ್ರಯಾಣ ಅಥವಾ ವ್ಯಾಕರಣದ ಹಾಡಾಗಿ ಹೊರಬರುತ್ತದೆ. ಇಂಥವರು ಅಮೆರಿಕದಲ್ಲಿ ಮೊದಲೂ ಇದ್ದರು. ಆದರೆ ಹೆಚ್ಚಿನವರದು ಒಂದು ಹಾಡಿನ, ಒಂದು ಮಳೆಗಾಲದ ಕೀರ್ತಿ. ಈತನದು ನಲವತ್ತೈದು ವರ್ಷ ದಾಟಿದೆ. 2025ರ ಜುಲೈನಲ್ಲಿ, ಅರವತ್ತೈದನೇ ವಯಸ್ಸಿನಲ್ಲಿ, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮೊದಲ ಸಲ ತನ್ನದೇ ಹೆಸರಿನ ಕಾರ್ಯಕ್ರಮ ಕೊಟ್ಟ.

ಒಮ್ಮೆ ಕೇಳಿದ ಜೋಕಿಗೆ ಎರಡನೇ ಸಲ ಮುಗುಳ್ನಗೆ ಬರಬಹುದು, ಹತ್ತನೇ ಸಲ ಬೇಸರ ಬರುತ್ತದೆ. ಹಾಗಿದ್ದೂ ಹನ್ನೊಂದನೇ ವಯಸ್ಸಿನಲ್ಲಿ ಒಂದು ಜೋಕು ಕೇಳಿ ಹತ್ತಿರ ಬಂದವರು ಐವತ್ತೊಂದರಲ್ಲೂ ಯಾಕೆ ಬಿಟ್ಟುಹೋಗಿಲ್ಲ? ಅವರವರ ಮೊದಲ ಹಾಡಿನ ಕಥೆ ಹಿಡಿದು ಹೋದರೆ ಇದಕ್ಕೆ ಸ್ವಲ್ಪ ದಾರಿ ಸಿಗುತ್ತದೆ.

ಮೊದಲ ತಲೆಮಾರನ್ನು ತಂದದ್ದು ರೇಡಿಯೊ. ಅದಕ್ಕೂ ಮುಂಚೆ ಸ್ವತಃ ಯಾಂಕೋವಿಕ್‌ನನ್ನೇ ಅಭಿಮಾನಿಯಾಗಿಸಿದ್ದು ರೇಡಿಯೊ. ಬ್ಯಾರೆಟ್ ಹ್ಯಾನ್ಸನ್ ಎಂಬ ಸಂಗೀತಶಾಸ್ತ್ರದ ಸ್ನಾತಕೋತ್ತರ ಪದವೀಧರ 1970ರಲ್ಲಿ ಲಾಸ್ ಏಂಜಲೀಸ್ ಬಳಿಯ ಪಸಾಡಿನಾದ ರೇಡಿಯೊ ಕೇಂದ್ರವೊಂದರಲ್ಲಿ ‘ಡಾಕ್ಟರ್ ಡಿಮೆಂಟೊ’ ಎಂಬ ವೇಷದ ಹೆಸರಿನಲ್ಲಿ ಕಾರ್ಯಕ್ರಮ ಶುರುಮಾಡಿದ. ಯಾರೂ ಗಂಭೀರವಾಗಿ ತೆಗೆದುಕೊಳ್ಳದ ಹುಚ್ಚು ಹಾಡುಗಳೇ ಆತನ ಸರಕು. ಪಾತ್ರೆ, ಹಾರ್ನ್, ಪಿಸ್ತೂಲಿನ ಸದ್ದಿನಿಂದ ಸಂಗೀತ ಮಾಡುತ್ತಿದ್ದ ಸ್ಪೈಕ್ ಜೋನ್ಸ್, ಗಣಿತ ಕಲಿಸುತ್ತ ಪಿಯಾನೊ ಮುಂದೆ ಕೂತು ಕುಟುಕುತ್ತಿದ್ದ ಟಾಮ್ ಲೆಹ್ರರ್, ಸ್ಟಾನ್ ಫ್ರೀಬರ್ಗ್, ಆಲನ್ ಶರ್ಮನ್ ಮುಂತಾದವರ ಹಳೆಯ ತಟ್ಟೆಗಳನ್ನು ಧೂಳು ಕೊಡವಿ ಹಾಕುತ್ತಿದ್ದ. 1974ರಿಂದ ಕಾರ್ಯಕ್ರಮ ದೇಶದ ಬೇರೆ ಬೇರೆ ಕೇಂದ್ರಗಳಿಗೂ ಹೋಗತೊಡಗಿತು. ಮರುದಿನ ಸ್ಕೂಲಿದೆ, ಹೋಂವರ್ಕ್ ಆಗಿಲ್ಲ, ಮನೆಯವರು ಮಲಗು ಅನ್ನುತ್ತಿದ್ದಾರೆ ಎಂಬ ಭಾನುವಾರ ರಾತ್ರಿಯ ಹೊತ್ತು ಅದು. ಹುಡುಗರಿಗೆ ಅದಕ್ಕಿಂತ ಪ್ರಶಸ್ತವಾದ ಮುಹೂರ್ತ ಬೇರೆ ಇಲ್ಲ.

ಆ ಕೇಳುಗರಲ್ಲೊಬ್ಬ ಲಿನ್‌ವುಡ್‌ನ ಆಲ್. ಏಳು ತುಂಬುವ ಮುನ್ನ ಈತನ ಮನೆಬಾಗಿಲಿಗೆ ಸಂಗೀತ ಶಾಲೆಯೊಂದರ ಪ್ರಚಾರಕ ಬಂದು, ಮಗನಿಗೆ ಗಿಟಾರ್ ಕಲಿಸುತ್ತೀರೋ ಅಕಾರ್ಡಿಯನ್ನೋ ಎಂದು ಕೇಳಿದನಂತೆ. ಅಪ್ಪ ಅಮ್ಮ ಅಕಾರ್ಡಿಯನ್ ಆರಿಸಿದರು. ಪೋಲ್ಕಾ ಸಂಗೀತದ ದೊರೆ ಎನಿಸಿದ್ದ ಫ್ರ್ಯಾಂಕಿ ಯಾಂಕೋವಿಕ್‌ನದೂ ಅದೇ ಮನೆತನದ ಹೆಸರು ಎಂಬುದು ಒಂದು ಕಾರಣ; ನೆಂಟಸ್ತಿಕೆ ಏನೂ ಇರಲಿಲ್ಲ. ರಾಕ್ ಸಂಗೀತದ ಕಾಲದಲ್ಲಿ ಎದೆಗೆ ಅಕಾರ್ಡಿಯನ್ ಕಟ್ಟಿಕೊಂಡ ಹುಡುಗನನ್ನು ಯಾವ ವಾದ್ಯವೃಂದ ಸೇರಿಸಿಕೊಳ್ಳುತ್ತದೆ? 1976ರಲ್ಲಿ ಡಿಮೆಂಟೊ ಈತನ ಶಾಲೆಗೆ ಭಾಷಣಕ್ಕೆ ಬಂದಾಗ ಹದಿನಾರರ ಹುಡುಗ, ತನ್ನ ಕೋಣೆಯಲ್ಲಿ ಸಾಧಾರಣ ಟೇಪ್‌ರೆಕಾರ್ಡರಿನಲ್ಲಿ ಹಾಡಿ ತುಂಬಿಸಿದ್ದ ಕ್ಯಾಸೆಟ್ಟನ್ನು ಕೈಗಿಟ್ಟ. ಅದರಲ್ಲಿದ್ದ, ಮನೆಯ ಹಳೇ ಪ್ಲಿಮತ್ ಬೆಲ್ವೆಡೇರ್ ಕಾರಿನ ಬಗೆಗಿನ ಹಾಡು ರೇಡಿಯೊದಲ್ಲಿ ಬಂದೇಬಿಟ್ಟಿತು.

ಸ್ಟುಡಿಯೊದ ಹೊಳಪು ಒಂದಿಷ್ಟೂ ಇಲ್ಲದ ಆ ಹಾಡನ್ನು ಕೇಳಿದ ದೂರದೂರುಗಳ ಹುಡುಗರಿಗೆ, ಇದನ್ನು ಮಾಡಿದವನೂ ತಮ್ಮಂಥ ಒಬ್ಬ ಎಂಬುದು ಆ ಕಳಪೆ ಧ್ವನಿಮುದ್ರಣದಿಂದಲೇ ತಿಳಿಯುತ್ತಿತ್ತು. ಮುಂದೆ ಸ್ಯಾನ್ ಲೂಯಿ ಒಬಿಸ್ಪೊದಲ್ಲಿ ವಾಸ್ತುಶಿಲ್ಪ ಓದುತ್ತಿದ್ದಾಗ 1979ರಲ್ಲಿ, ಕಾಲೇಜು ರೇಡಿಯೊ ಕೇಂದ್ರದ ಎದುರಿನ ಶೌಚಾಲಯದೊಳಗೆ ನಿಂತು ‘ಮೈ ಬಲೋನಿ’ ಮುದ್ರಿಸಿದ. ಗೋಡೆಗೆ ಟೈಲ್ಸ್ ಹಾಕಿದ್ದರಿಂದ ಅಲ್ಲಿ ದನಿ ಚೆನ್ನಾಗಿ ಗುಂಯ್‌ಗುಡುತ್ತಿತ್ತು, ಅಷ್ಟೇ. ದ ನ್ಯಾಕ್ ತಂಡದ ‘ಮೈ ಶರೋನಾ’ ಆ ವರ್ಷ ಎಲ್ಲೆಲ್ಲೂ ಕೇಳುತ್ತಿದ್ದ ಹಾಡು. ಪ್ರೇಯಸಿಯ ಹೆಸರಿದ್ದ ಜಾಗದಲ್ಲಿ ಬ್ರೆಡ್ಡಿನ ನಡುವೆ ಇಡುವ ಅಗ್ಗದ ಮಾಂಸದ ತುಂಡಿನ ಹೆಸರನ್ನು ಕೂರಿಸಿದ್ದ. ನ್ಯಾಕ್ ತಂಡದ ಗಾಯಕನಿಗೇ ಇದು ಹಿಡಿಸಿ, ತಮ್ಮ ಕ್ಯಾಪಿಟಲ್ ಕಂಪನಿಯವರಿಗೆ ಹೇಳಿ ಬಿಡುಗಡೆ ಮಾಡಿಸಿದ. ಸಿಕ್ಕಿದ್ದು 500 ಡಾಲರ್.

1980ರ ಸೆಪ್ಟೆಂಬರ್ 14ರ ರಾತ್ರಿ ಡಿಮೆಂಟೊ ಕಾರ್ಯಕ್ರಮದಲ್ಲಿ ನೇರಪ್ರಸಾರವಾಗಿ ಹಾಡಿದ ‘ಅನದರ್ ಒನ್ ರೈಡ್ಸ್ ದ ಬಸ್’ ಇಡೀ ಕಥೆಯ ತಿರುವು. ಕ್ವೀನ್ ತಂಡದ ಹಾಡೊಂದನ್ನು ಕಿಕ್ಕಿರಿದ ಸಿಟಿ ಬಸ್ಸಿನ ಸಂಕಟವಾಗಿ ಮಾರ್ಪಡಿಸಿದ್ದು ಅದು. ಜಾನ್ ಶ್ವಾರ್ಟ್ಜ್ ಎಂಬ ಡ್ರಮ್ ವಾದಕ ಆ ಹೊತ್ತಿಗೆ ಅಲ್ಲಿದ್ದ. ಡ್ರಮ್ ಇರಲಿಲ್ಲ, ಅಕಾರ್ಡಿಯನ್ನಿನ ಪೆಟ್ಟಿಗೆಯನ್ನೇ ಬಡಿದ. ಅಂದು ಪೆಟ್ಟಿಗೆ ಬಡಿದವನು ಇಂದಿಗೂ ಆತನ ಡ್ರಮ್ ವಾದಕ. ಆ ಧ್ವನಿಮುದ್ರಿಕೆ ಕೈಯಿಂದ ಕೈಗೆ, ಕೇಂದ್ರದಿಂದ ಕೇಂದ್ರಕ್ಕೆ ಹೋಯಿತು. ಅದನ್ನು ಕೇಳಿದ ಹುಡುಗ ಸೋಮವಾರ ಬೆಳಿಗ್ಗೆ ಸ್ಕೂಲಿಗೆ ಹೋಗಿ ಒಬ್ಬನಿಗಾದರೂ ಹೇಳಲೇಬೇಕು. ಹೇಳಿದರೆ ಆ ಇನ್ನೊಬ್ಬನಿಗೆ ನಗು ಬರುವುದಿಲ್ಲ, ಹಾಡಿಯೇ ತೋರಿಸಬೇಕು. ಹಾಡಲು ಮಾತು ಬಾಯಿಪಾಠವಾಗಿರಬೇಕು, ಬಾಯಿಪಾಠ ಮಾಡಲು ಇನ್ನೊಮ್ಮೆ ಕೇಳಬೇಕು, ಕೇಳಲು ಮುಂದಿನ ಭಾನುವಾರ ಟೇಪ್‌ರೆಕಾರ್ಡರ್ ಸಿದ್ಧವಾಗಿಟ್ಟುಕೊಂಡು ಕೂರಬೇಕು. ಒಂದು ಜೋಕನ್ನು ಇನ್ನೊಬ್ಬರಿಗೆ ದಾಟಿಸಲು ಇಷ್ಟು ಶ್ರಮಪಟ್ಟವನು ಆ ಹೊತ್ತಿಗೆ ಅಭಿಮಾನಿ ಆಗಿಹೋಗಿರುತ್ತಾನೆ.

ಆಮೇಲೆ ಟೀವಿ ಬಂತು. 1981ರ ಆಗಸ್ಟ್‌ನಲ್ಲಿ ಶುರುವಾದ ಎಂಟೀವಿಗೆ ಇಪ್ಪತ್ತನಾಲ್ಕು ಗಂಟೆ ತುಂಬಿಸಲು ವಿಡಿಯೊಗಳೇ ಸಾಲುತ್ತಿರಲಿಲ್ಲ. ಮೈಕಲ್ ಜಾಕ್ಸನ್‌ನ ‘ಬೀಟ್ ಇಟ್’ ದಿನಕ್ಕೆ ಅದೆಷ್ಟು ಸಲ ಬರುತ್ತಿತ್ತೋ, 1984ರಲ್ಲಿ ಬಂದ ‘ಈಟ್ ಇಟ್’ ಕೂಡ ಬೆನ್ನಿಗೇ ಬರತೊಡಗಿತು. ಅದೇ ಕೆಂಪು ಜಾಕೆಟ್ಟು, ಅದೇ ಹೋಟೆಲು, ಅದೇ ಎರಡು ಗುಂಪುಗಳ ಕಾದಾಟ. ನಡುವೆ ನಿಂತವನು ಮಾತ್ರ ಗುಂಗುರು ಕೂದಲಿನ, ದಪ್ಪ ಕನ್ನಡಕದ, ತೆಳು ಮೀಸೆಯ, ಊಟ ಬಿಡಬೇಡವೋ ಎಂದು ಮಗುವನ್ನು ಗದರುವ ಅಮ್ಮನ ಧಾಟಿಯಲ್ಲಿ ಹಾಡುವ ಮನುಷ್ಯ. ಬಿಲ್‌ಬೋರ್ಡ್ ಪಟ್ಟಿಯಲ್ಲಿ 12ನೇ ಸ್ಥಾನ, ಅದರ ಜೊತೆಗೆ ಗ್ರ್ಯಾಮಿ. ನಾಲ್ಕು ವರ್ಷದ ನಂತರ ‘ಬ್ಯಾಡ್’ ಹಾಡು ‘ಫ್ಯಾಟ್’ ಆದಾಗ, ತನ್ನದೇ ಚಿತ್ರೀಕರಣಕ್ಕೆಂದು ಕಟ್ಟಿಸಿದ್ದ ಸುರಂಗ ರೈಲು ನಿಲ್ದಾಣದ ಸೆಟ್ಟನ್ನು ಜಾಕ್ಸನ್ ಬಳಸಲು ಬಿಟ್ಟ. ಅದಕ್ಕೂ ಗ್ರ್ಯಾಮಿ ಬಂತು.

ಇಲ್ಲಿ ನನಗೆ ತುಂಬ ಕುತೂಹಲ ಹುಟ್ಟಿಸುವ ಸಂಗತಿ ಬೇರೆ. ಅಣಕು ಎಂದರೆ ಮೂಲ ಗೊತ್ತಿರುವವರಿಗೆ ಮಾತ್ರ ನಗು ಬರುವಂಥದ್ದು ಎಂದು ಸಾಹಿತ್ಯದ ಮೇಷ್ಟರು ಹೇಳಿಕೊಟ್ಟಿರುತ್ತಾರೆ. ಯಾಂಕೋವಿಕ್‌ನ ಅಭಿಮಾನಿಗಳಲ್ಲಿ ಬಹುಪಾಲು ಜನ ಬಂದದ್ದು ಇದಕ್ಕೆ ತದ್ವಿರುದ್ಧವಾಗಿ. ಎಂಟು, ಹತ್ತು, ಹನ್ನೆರಡು ವರ್ಷದ ಮಕ್ಕಳು ಅವರು. ಅಣ್ಣನ ಕೋಣೆಯ ಕ್ಯಾಸೆಟ್‌ನಿಂದಲೋ ಕಾರಿನ ಹಿಂದಿನ ಸೀಟಿನಿಂದಲೋ ಅಣಕನ್ನೇ ಮೊದಲು ಕೇಳಿ, ಅದೇ ಹಾಡು ಎಂದುಕೊಂಡವರು. ಎಷ್ಟೋ ವರ್ಷ ಕಳೆದು ಯಾವುದೋ ಅಂಗಡಿಯಲ್ಲಿ ಮೂಲ ಕೇಳಿಸಿದಾಗ ‘ಇದೇನು, ನಮ್ಮ ಹಾಡನ್ನು ಯಾರೋ ಇಷ್ಟು ಸಪ್ಪೆಯಾಗಿ ಹಾಡುತ್ತಿದ್ದಾರೆ’ ಎಂದು ಬೆಚ್ಚಿದವರು. ಪ್ರತಿ ಆಲ್ಬಮ್ಮಿನಲ್ಲೂ ಹೆಚ್ಚುಕಡಿಮೆ ಒಂದೊಂದು ಪೋಲ್ಕಾ ಮಾಲಿಕೆ ಇರುತ್ತದೆ. ಆ ಕಾಲದ ಹತ್ತಾರು ಜನಪ್ರಿಯ ಹಾಡುಗಳ ತುಣುಕನ್ನು ಅಕಾರ್ಡಿಯನ್ನಿನ ಓಟಕ್ಕೆ ಪೋಣಿಸಿದ ಮಾಲೆ. ಅಮೆರಿಕದ ಒಂದು ತಲೆಮಾರಿನ ಎಷ್ಟೋ ಮಕ್ಕಳಿಗೆ ರೋಲಿಂಗ್ ಸ್ಟೋನ್ಸ್ ಪರಿಚಯವಾದದ್ದೇ ಪೋಲ್ಕಾದ ಗತಿಯಲ್ಲಿ.

ಇದು ನಮಗೆ ಅಪರಿಚಿತವೇನಲ್ಲ. ಟಿ.ಪಿ. ಕೈಲಾಸಂ ‘ಟಿಪ್ಪರೆರಿ’ ಹಾಡಿನ ಮಟ್ಟನ್ನು ಹಿಡಿದು ‘ತಿಪ್ಪಾರಳ್ಳಿ’ ಮಾಡಿದರು. ‘ಕೋಳೀಕೆ ರಂಗ’ನಿಗೂ ಕಾನ್‌ಸ್ಟಾಂಟಿನೋಪಲ್‌ನ ಅಕ್ಷರಗಳನ್ನು ಕೂಡಿಸಿ ಹೇಳುವ ಇಂಗ್ಲಿಷ್ ಹಾಡೊಂದರ ಮಟ್ಟೇ ಆಧಾರ. ‘ಟಿಪ್ಪರೆರಿ’ ಮೊದಲ ಮಹಾಯುದ್ಧದ ಬ್ರಿಟಿಷ್ ಸಿಪಾಯಿಗಳು ಹೆಜ್ಜೆ ಹಾಕುತ್ತ ಹೇಳುತ್ತಿದ್ದ ಹಾಡು ಎಂಬ ಸುಳಿವೂ ಇಲ್ಲದೆ ತಿಪ್ಪಾರಳ್ಳಿಯನ್ನು ಶಾಲಾ ವಾರ್ಷಿಕೋತ್ಸವದಲ್ಲಿ ಹಾಡಿದ ಕನ್ನಡಿಗರು ಎಷ್ಟು ತಲೆಮಾರು ಆಗಿಹೋಗಿದ್ದಾರೆ! ಅವರಿಗೆಲ್ಲ ಅದು ಅಣಕೇ ಅಲ್ಲ, ಪೂರ್ತಿ ಹಾಡು. ಕೈಲಾಸಂ ಕನ್ನಡದ ಮಾತನ್ನು ಆ ಮಟ್ಟಿಗೆ ಎಷ್ಟು ಬಿಗಿಯಾಗಿ ಕೂರಿಸಿದರೆಂದರೆ ಮೂಲದ ಹಂಗು ಬೇಕಾಗಲಿಲ್ಲ.

ಯಾಂಕೋವಿಕ್‌ನ ಹಾಡೂ ಮೂಲದ ಹಂಗಿಲ್ಲದೆ ನಿಲ್ಲುತ್ತದೆ, ಮಕ್ಕಳನ್ನು ಹಿಡಿದುಹಾಕುವುದು ಅದೇ. ಪ್ರಾಸ ಎಲ್ಲೂ ಎಡವುವುದಿಲ್ಲ, ಉಸಿರು ತೆಗೆದುಕೊಳ್ಳುವ ಜಾಗ ಕೂಡ ಮೂಲದಲ್ಲಿದ್ದಲ್ಲೇ. ಹಿಂದಿರುವ ವಾದ್ಯಗಾರರದು ಇನ್ನೊಂದು ಕಥೆ. ಡ್ರಮ್‌ಗೆ ಶ್ವಾರ್ಟ್ಜ್, ಗಿಟಾರಿಗೆ ಜಿಮ್ ವೆಸ್ಟ್, ಬೇಸ್‌ಗೆ ಸ್ಟೀವ್ ಜೇ. ಎಂಬತ್ತರ ದಶಕದ ಆರಂಭದಿಂದ ಇವರೇ. 1991ರಲ್ಲಿ ಕೀಬೋರ್ಡಿಗೆ ಬಂದ ರೂಬೆನ್ ವಾಲ್ಟಿಯೆರ‍್ರಾನನ್ನು ಇಂದಿಗೂ ‘ಹೊಸಬ’ ಎಂದು ಛೇಡಿಸಬಹುದು. ಇವತ್ತು ರ‍್ಯಾಪ್, ನಾಳೆ ಗ್ರಂಜ್, ನಾಡಿದ್ದು ಹಳ್ಳಿಗಾಡಿನ ಹಾಡು, ಪ್ರತಿಯೊಂದನ್ನೂ ಅಚ್ಚುಮುರಿಯದಂತೆ ನುಡಿಸುವ ಇವರಷ್ಟು ಬಗೆಬಗೆಯ ಸಂಗೀತ ನುಡಿಸಿದ ತಂಡ ಅಮೆರಿಕದಲ್ಲಿ ಬೇರೊಂದಿದೆಯೇ ಎಂದು ನನಗೆ ಅನುಮಾನ. ಜಿಮ್ ವೆಸ್ಟ್ ಬಿಡುವಿನಲ್ಲಿ ಹವಾಯಿಯನ್ ಶೈಲಿಯ ಗಿಟಾರ್ ನುಡಿಸುತ್ತಾನೆ, ಅದಕ್ಕೆ ಪ್ರತ್ಯೇಕವಾಗಿ ಗ್ರ್ಯಾಮಿ ಪಡೆದವನು.

ಅಭಿಮಾನ ಗಟ್ಟಿಯಾದಂತೆ ಇನ್ನೊಂದು ಮಗ್ಗುಲು ಕಣ್ಣಿಗೆ ಬೀಳುತ್ತದೆ. ಯಾವ ಒಂದು ಹಾಡನ್ನೂ ಅಣಕಿಸದೆ, ಒಬ್ಬ ಕಲಾವಿದನ ಇಡೀ ರೀತಿಯನ್ನೇ ಹಿಡಿದು ಹೊಸ ಹಾಡು ಕಟ್ಟುವುದು. ‘ಡೇರ್ ಟು ಬಿ ಸ್ಟುಪಿಡ್’ ಡೀವೊ ತಂಡದ ರೀತಿಯದು. ಅದನ್ನು ಕೇಳಿದ ಡೀವೊದ ಮಾರ್ಕ್ ಮದರ್ಸ್‌ಬಾಗ್, ಮನಸಾರೆ ಮೆಚ್ಚಿ ಹೊಟ್ಟೆಯುರಿಯನ್ನೂ ತೋಡಿಕೊಂಡ. ಟೀವಿಯಲ್ಲಿ ಬರುವ ಅಣಕು ಕೇಳಿ ನಕ್ಕು ಹೋಗುವವರು ಕೇಳುಗರು. ಕ್ಯಾಸೆಟ್ ತಿರುಗಿಸಿ ಹಾಕಿ ಈ ಇನ್ನರ್ಧವನ್ನೂ ಕೇಳಿದವರು ಅಭಿಮಾನಿಗಳು. ಈ ಗಡಿಯನ್ನು ಅವರವರೇ ಹಾಕಿಕೊಂಡಿದ್ದಾರೆ.

ಮಕ್ಕಳಿಗೆ ಈ ಕ್ಯಾಸೆಟ್ ಸುಲಭವಾಗಿ ಸಿಕ್ಕಿದ್ದಕ್ಕೆ ಇನ್ನೊಂದು ಕಾರಣ, ಅಪ್ಪ ಅಮ್ಮ ಅಡ್ಡ ಬರಲಿಲ್ಲ. ಬೈಗುಳವಿಲ್ಲ, ಹೊಲಸು ಮಾತಿಲ್ಲ. ಅಣಕಿಸುವ ಮುಂಚೆ ಮೂಲದವರ ಒಪ್ಪಿಗೆ ಕೇಳುವುದು ಆತನ ನಿಯಮ. ಅಮೆರಿಕದ ಸುಪ್ರೀಂ ಕೋರ್ಟು 1994ರಲ್ಲಿ, ಅಣಕವಾಡೂ ನ್ಯಾಯಸಮ್ಮತ ಬಳಕೆಯ ವ್ಯಾಪ್ತಿಗೆ ಬರಬಹುದು ಎಂದು ತೀರ್ಪು ಕೊಟ್ಟ ಮೇಲೂ ಅವನು ಕೇಳುವುದು ನಿಲ್ಲಿಸಲಿಲ್ಲ. ಗಾಯಕ ಪ್ರಿನ್ಸ್ ಮತ್ತೆ ಮತ್ತೆ ಬೇಡವೆಂದ, ಅದನ್ನು ಬಿಟ್ಟ. ಪಾಲ್ ಮೆಕಾರ್ಟ್ನಿ ಸಸ್ಯಾಹಾರಿ. ತನ್ನ ಹಾಡು ಕೋಳಿ ಕಡುಬಿನ ಹಾಡಾಗುವುದು ಬೇಡವೆಂದ, ಅದನ್ನೂ ಬಿಟ್ಟ. ರಾಕ್ ಗಾಯಕ ಕರ್ಟ್ ಕೋಬೇನ್‌ನನ್ನು ಫೋನಿನಲ್ಲಿ ಹಿಡಿದು ಕೇಳಿದಾಗ, ಊಟದ ಬಗ್ಗೆಯಾ ಎಂದು ಕೇಳಿದನಂತೆ ಅವನು. ಇಲ್ಲ, ನಿಮ್ಮ ಹಾಡಿನ ಒಂದು ಮಾತೂ ಯಾರಿಗೂ ಅರ್ಥವಾಗುವುದಿಲ್ಲ ಎಂಬುದರ ಬಗ್ಗೆ ಎಂದಾಗ ಖುಷಿಯಿಂದ ಒಪ್ಪಿದ. 1992ರ ಆ ಅಣಕಿನ ವಿಡಿಯೊದಲ್ಲಿ ಮೂಲದಲ್ಲಿ ಕಸ ಗುಡಿಸಿದ್ದ ನಟನೇ ಮತ್ತೆ ಬಂದು ಗುಡಿಸುತ್ತಾನೆ. ಯಾಂಕೋವಿಕ್ ಅಣಕಿಸಿದ ಎಂದರೆ ಈ ರಂಗದಲ್ಲಿ ಬೇರೂರಿದೆವು ಎಂದರ್ಥ ಎಂದು ದೊಡ್ಡ ದೊಡ್ಡ ತಂಡಗಳೇ ಹೇಳುವ ಹೊತ್ತಿಗೆ ‘ವಿಯರ್ಡ್’ ಎಂಬ ವಿಶೇಷಣ ಮರ್ಯಾದೆಯ ಬಿರುದಾಗಿತ್ತು.

ಒಮ್ಮೆ ಕೆಟ್ಟದ್ದೂ ಉಂಟು. 1996ರ ‘ಅಮಿಶ್ ಪ್ಯಾರಡೈಸ್’ಗೆ ಒಪ್ಪಿಗೆಯಿದೆ ಎಂದು ಧ್ವನಿಮುದ್ರಣ ಕಂಪನಿಯವರು ತಿಳಿಸಿದ್ದರು; ಒಪ್ಪಿಲ್ಲ ಎಂದು ಮೂಲ ಹಾಡಿದ ಕೂಲಿಯೊ ಸಿಡುಕಿದ. ಯಾಂಕೋವಿಕ್ ಕ್ಷಮೆ ಕೋರಿ ಪತ್ರ ಬರೆದ. ವರ್ಷಗಳ ಮೇಲೆ ಕೂಲಿಯೊ, ತಾನು ಅಷ್ಟು ಬಿಗಿಯಾಗಬಾರದಿತ್ತು ಎಂದು ಹೇಳಿ ಕೈಕುಲುಕಿದ. ಈ ಜಗಳದ ಗಂಧಗಾಳಿಯೂ ಇಲ್ಲದ ಮಕ್ಕಳು, ಅಷ್ಟರಲ್ಲಿ, ಕರೆಂಟು ಬಳಸದೆ ಹೊಲ ಉಳುವ ಅಮಿಶ್ ರೈತನ ಆ ರ‍್ಯಾಪನ್ನು ಅಮೆರಿಕದ ಬೇಸಿಗೆ ಶಿಬಿರಗಳಲ್ಲೆಲ್ಲ ಒದರಿದ್ದರು.

ಇನ್ನು ಸೋಲು. 1989ರ ಬೇಸಿಗೆಯಲ್ಲಿ ‘ಯುಎಚ್‌ಎಫ್’ ಎಂಬ ಸಿನಿಮಾ ಮಾಡಿದ. ಮುಳುಗುತ್ತಿರುವ ಸಣ್ಣ ಟೀವಿ ಚಾನೆಲ್ಲನ್ನು ಹುಚ್ಚು ಕಾರ್ಯಕ್ರಮಗಳಿಂದ ಎತ್ತಿ ನಿಲ್ಲಿಸುವವನ ಕಥೆ. ಅದೇ ಬೇಸಿಗೆಯಲ್ಲಿ ‘ಬ್ಯಾಟ್‌ಮ್ಯಾನ್’, ಅದೇ ಬೇಸಿಗೆಯಲ್ಲಿ ಇಂಡಿಯಾನಾ ಜೋನ್ಸ್. ಸಿನಿಮಾ ನೆಲಕಚ್ಚಿತು. ಆದರೆ ಮುಂದೆ ವಿಡಿಯೊ ಲೈಬ್ರರಿಗಳ ಮೂಲೆಯಲ್ಲಿ ಕೂತು ನಿಧಾನವಾಗಿ ತನ್ನ ಜನರನ್ನು ತಾನೇ ಹುಡುಕಿಕೊಂಡಿತು. ಹಾಡೇ ಕೇಳದೆ ಈ ಬಾಡಿಗೆ ಕ್ಯಾಸೆಟ್ಟಿನಿಂದ ಅಭಿಮಾನಿಗಳಾದವರ ಪಂಗಡವೇ ಒಂದಿದೆ. ತಾವು ನೋಡಿದ ಸಿನಿಮಾದ ಹೆಸರನ್ನು ಅಕ್ಕಪಕ್ಕದಲ್ಲಿ ಯಾರೂ ಕೇಳಿರದಿದ್ದರೆ ಅಭಿಮಾನ ಇನ್ನಷ್ಟು ಉಕ್ಕುತ್ತದೆ.

ಈ ಒಂಟಿತನ ಮುಖ್ಯ. ಶಾಲೆಯಲ್ಲಿ ಆಟಕ್ಕೆ ಕರೆಯದ, ಕಂಪ್ಯೂಟರು, ಕಾಮಿಕ್ಸು, ‘ಸ್ಟಾರ್ ವಾರ್ಸ್’ ಎಂದು ಮೂಲೆ ಸೇರಿದ ಹುಡುಗ ಹುಡುಗಿಯರು ಇವನ ದೊಡ್ಡ ಬಳಗ. ಓದಿನಲ್ಲಿ ಮುಂದೆ, ವಯಸ್ಸಿನಲ್ಲಿ ತರಗತಿಯ ಉಳಿದವರಿಗಿಂತ ಚಿಕ್ಕವ, ಬಗಲಲ್ಲಿ ಅಕಾರ್ಡಿಯನ್ನು ಎಂಬ ಯಾಂಕೋವಿಕ್‌ನ ಬಾಲ್ಯವೂ ಅಂಥದ್ದೇ. ಗತ್ತಿನವರ ಹಾಡನ್ನು ತೆಗೆದುಕೊಂಡು ಗತ್ತಿಲ್ಲದವರ ಬಾಯಿಗೆ ಕೊಡುವುದನ್ನು ಆತ ಇಷ್ಟು ವರ್ಷವೂ ಮಾಡಿದ್ದಾನೆ. 2006ರ ‘ವೈಟ್ ಆ್ಯಂಡ್ ನರ್ಡಿ’ ಇದನ್ನು ಬಾಯಿಬಿಟ್ಟೇ ಹೇಳಿತು. ಮೂಲದಲ್ಲಿ ಪೊಲೀಸರ ಕಣ್ಣು ತಪ್ಪಿಸಿ ಕಾರಿನಲ್ಲಿ ಸುತ್ತುವ ಹುಡುಗರು. ಇಲ್ಲಿ ಅವರ ಜೊತೆ ಸೇರಬೇಕೆಂದು ಆಸೆಪಡುವ, ಲೆಕ್ಕದಲ್ಲಿ ಜಾಣನಾದ, ಹುಲ್ಲು ಕತ್ತರಿಸುತ್ತಿರುವ ಪುಕ್ಕಲ. ಅದು 9ನೇ ಸ್ಥಾನಕ್ಕೆ ಏರಿತು. ಹಿಂದೆಂದೂ ಮೊದಲ ಹತ್ತರೊಳಗೆ ಆತ ಬಂದಿರಲಿಲ್ಲ. ಮೂಲ ಹಾಡಿದ ಚಾಮಿಲಿಯನೇರ್ ತನ್ನ ಗ್ರ್ಯಾಮಿ ಗೆಲುವಿನಲ್ಲಿ ಈ ಅಣಕಿನ ಪಾಲೂ ಇದೆ ಎಂದು ಯಾಂಕೋವಿಕ್‌ಗೆ ಕೃತಜ್ಞತೆ ಹೇಳಿದ.

ಅದಕ್ಕೆ ಕೆಲವೇ ವರ್ಷ ಮುಂಚೆ ಇಂಟರ್‌ನೆಟ್ಟು ಒಂದು ತಮಾಷೆ ಮಾಡಿತ್ತು. ನ್ಯಾಪ್‌ಸ್ಟರ್ ಕಾಲದಲ್ಲಿ ಹಾಡು ಹಂಚುವವರು, ನಗೆ ಬರಿಸುವ ಯಾವ ಹಾಡು ಸಿಕ್ಕರೂ ‘ವಿಯರ್ಡ್ ಆಲ್’ ಎಂದು ಚೀಟಿ ಅಂಟಿಸಿಬಿಡುತ್ತಿದ್ದರು. ಬೇರೆ ಯಾರೋ ಹಾಡಿದ ಹಸಿಹಸಿ ಹಾಡುಗಳೂ ಆತನ ಹೆಸರಲ್ಲಿ ಓಡಾಡಿದವು. ಮಕ್ಕಳು ಕೇಳುವ ಹೆಸರಿಗೆ ಮಸಿ ಎಂದು ಆತ ನೊಂದುಕೊಂಡದ್ದುಂಟು. ನಮ್ಮ ಇಂಜಿನಿಯರಿಂಗ್ ಹಾಸ್ಟೆಲಿಗೆ ಆತ ಬಂದದ್ದೂ ಈ ದಾರಿಯಲ್ಲೇ. ನೂರೈವತ್ತು ಹಾಡು ತುರುಕಿದ ಎಂಪಿ3 ಸೀಡಿ, ಅದರ ಮೇಲೆ ಮಾರ್ಕರಿನಲ್ಲಿ ಗೀಚಿದ ‘ಇಂಗ್ಲಿಷ್ ಕಾಮಿಡಿ’. ಒಬ್ಬನೇ ಮನುಷ್ಯ ಇಷ್ಟೊಂದು ಬೇರೆ ಬೇರೆ ಗಂಟಲಿನಲ್ಲಿ ಹಾಡುತ್ತಾನಲ್ಲ ಎಂದು ನಮ್ಮ ಕೋಣೆಯವರು ಬೆರಗಾಗಿದ್ದರು. ಆ ಬೆರಗಿನಲ್ಲಿ ಅರ್ಧಪಾಲು ಬೇರೆಯವರಿಗೆ ಸಲ್ಲಬೇಕಿತ್ತು. ಆದರೂ ‘ದ ಸಾಗಾ ಬಿಗಿನ್ಸ್’ ಮಾತ್ರ ಆತನದೇ ಎಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ಡಾನ್ ಮೆಕ್ಲೀನ್‌ನ ‘ಅಮೆರಿಕನ್ ಪೈ’ ಮಟ್ಟಿಗೆ 1999ರ ‘ಸ್ಟಾರ್ ವಾರ್ಸ್’ ಚಿತ್ರದ ಕಥೆಯನ್ನಿಡೀ ಹೊಸೆದ ಹಾಡದು. ಸಿನಿಮಾ ಬಿಡುಗಡೆಗೆ ಮುಂಚೆ ಇಂಟರ್‌ನೆಟ್ಟಿನಲ್ಲಿ ಸೋರಿದ್ದ ಕಥೆಯನ್ನು ಹೆಕ್ಕಿಕೊಂಡೇ ಹೆಚ್ಚಿನದನ್ನು ಬರೆದಿದ್ದ. ಮೆಕ್ಲೀನ್ ಮನೆಯ ಮಕ್ಕಳು ಅದನ್ನು ಎಷ್ಟು ಹಚ್ಚಿಕೊಂಡರೆಂದರೆ, ವೇದಿಕೆಯ ಮೇಲೆ ತನ್ನದೇ ಹಾಡು ಹಾಡುವಾಗ ಯಾಂಕೋವಿಕ್‌ನ ಮಾತು ನಾಲಿಗೆಗೆ ಬರುತ್ತದೆ ಎಂದು ಮೂಲದ ಗಾಯಕನೇ ಹೇಳಿಕೊಂಡ.

2004ರ ಏಪ್ರಿಲ್‌ನಲ್ಲಿ ಯಾಂಕೋವಿಕ್‌ನ ತಂದೆ ತಾಯಿ ಇಬ್ಬರೂ ತಮ್ಮ ಮನೆಯಲ್ಲಿ ಒಲೆಗೂಡಿನ ಹೊಗೆಯ ಕಾರ್ಬನ್ ಮೊನಾಕ್ಸೈಡಿಗೆ ಬಲಿಯಾದರು. ಸುದ್ದಿ ತಿಳಿದಾಗ ಆತ ಊರೂರು ತಿರುಗುವ ಕಾರ್ಯಕ್ರಮದ ನಡುವೆ ಇದ್ದ. ಅಂದು ರಾತ್ರಿಯ ಪ್ರದರ್ಶನವನ್ನು ರದ್ದು ಮಾಡಲಿಲ್ಲ. ಕಷ್ಟದ ದಿನಗಳಲ್ಲಿ ನಿನ್ನ ಹಾಡು ನಮ್ಮನ್ನು ದಾಟಿಸಿತು ಎಂದು ವರ್ಷಗಳಿಂದ ಅಭಿಮಾನಿಗಳು ಬಂದು ಹೇಳುತ್ತಿದ್ದರು, ಬಹುಶಃ ನನ್ನನ್ನೂ ದಾಟಿಸಬಹುದು ಎಂದುಕೊಂಡೆ ಎಂಬ ಅರ್ಥದ ಮಾತು ಆಡಿದ. ಮೊದಲ ಹಾಡಿನ ಕಥೆ ಹೇಳುವವರಲ್ಲಿ ಆಸ್ಪತ್ರೆಯ ಹಾಸಿಗೆ, ಅಪ್ಪ ಅಮ್ಮನ ವಿಚ್ಛೇದನ, ಹೊಸ ಊರಿನ ಹೊಸ ಶಾಲೆ ಇಂಥವುಗಳ ಪ್ರಸ್ತಾಪ ಸುಮ್ಮನೆ ಬರುವುದಿಲ್ಲ. ನಕ್ಕದ್ದು ಯಾವಾಗ ಎಂಬುದಕ್ಕಿಂತ, ನಗು ಬಾರದ ಯಾವ ದಿನಗಳಲ್ಲಿ ನಕ್ಕೆ ಎಂಬುದು ಜನರಿಗೆ ಹೆಚ್ಚು ನೆನಪಿರುತ್ತದೆ.

ಈ ಬಳಗ ದೊಡ್ಡದಾದ ಮೇಲೆ ಏನಾಯಿತು? ಕಂಪ್ಯೂಟರ್ ಕಂಪನಿ ಸೇರಿದವರು, ಸಿನಿಮಾ ಬರೆದವರು, ಕಾರ್ಟೂನ್ ಮಾಡಿದವರು ಆದರು. ಹಾಗಾಗಿ ಅವರ ಮಕ್ಕಳ ಕಾರ್ಟೂನುಗಳಲ್ಲೂ ಆತನ ದನಿಯೇ. ‘ಮೈ ಲಿಟಲ್ ಪೋನಿ’ಯಲ್ಲಿ ಒಂದು ಪುಟ್ಟ ಕುದುರೆ, ‘ಮೈಲೋ ಮರ್ಫೀಸ್ ಲಾ’ದಲ್ಲಿ ನಾಯಕನೇ. ಲಿನ್-ಮ್ಯಾನ್ಯುಯೆಲ್ ಮಿರಾಂಡ ಚಿಕ್ಕಂದಿನ ಅಭಿಮಾನಿ. ಬ್ರಾಡ್‌ವೇಯಲ್ಲಿ ‘ಹ್ಯಾಮಿಲ್ಟನ್’ ನಾಟಕದಿಂದ ಮನೆಮಾತಾದ ಮೇಲೆ ಆತನ ನಾಟಕದ ಹಾಡುಗಳನ್ನು ಯಾಂಕೋವಿಕ್ 2018ರಲ್ಲಿ ಪೋಲ್ಕಾ ಮಾಲಿಕೆ ಮಾಡಿಕೊಟ್ಟ. 2014ರ ‘ಮ್ಯಾಂಡೇಟರಿ ಫನ್’ ಬಿಲ್‌ಬೋರ್ಡ್ ಆಲ್ಬಮ್ ಪಟ್ಟಿಗೆ ನೇರ ಮೊದಲ ಸ್ಥಾನದಲ್ಲೇ ಬಂತು. ಹಾಸ್ಯದ ಆಲ್ಬಮ್ಮೊಂದು ತುದಿಗೇರಿದ್ದು 1963ರ ಆಲನ್ ಶರ್ಮನ್‌ನ ನಂತರ ಅದೇ ಮೊದಲು. ಎಂಟು ದಿನಕ್ಕೆ ಎಂಟು ವಿಡಿಯೊ ಬಿಟ್ಟಿದ್ದ. ಅದರಲ್ಲಿ ವ್ಯಾಕರಣ ತಪ್ಪುವವರನ್ನು ಝಾಡಿಸುವ ‘ವರ್ಡ್ ಕ್ರೈಮ್ಸ್’ ಅನ್ನು ಇಂಗ್ಲಿಷ್ ಮೇಷ್ಟರುಗಳು ತರಗತಿಯಲ್ಲಿ ಹಾಕಿದರು. ಟೀಚರೇ ಹಾಕಿದ ಹಾಡಿನಿಂದ ಅಭಿಮಾನಿಗಳಾದ ಹೊಸ ಪಂಗಡವೂ ಹೀಗೆ ಹುಟ್ಟಿಕೊಂಡಿತು. ಕದ್ದು ರೇಡಿಯೊ ಕೇಳಿದ ಹಳಬರಿಗೆ ಇದು ಸ್ವಲ್ಪ ಅವಮಾನವೇ.

2018ರಲ್ಲಿ ಆತ ವ್ಯಾಪಾರದ ಬುದ್ಧಿ ಇರುವ ಯಾರೂ ಮಾಡದ ಕೆಲಸ ಮಾಡಿದ. ವೇಷವಿಲ್ಲ, ವಿಡಿಯೊ ಪರದೆಯಿಲ್ಲ, ಜನ ಬಲ್ಲ ಅಣಕುಗಳೂ ಪೂರ್ತಿಯಾಗಿ ಇಲ್ಲ. ಸಣ್ಣ ಸಭಾಂಗಣಗಳಲ್ಲಿ ಸ್ಟೂಲಿನ ಮೇಲೆ ಕೂತು ಹೆಚ್ಚಾಗಿ ಸ್ವಂತ ಹಾಡುಗಳನ್ನೇ, ಊರಿಂದೂರಿಗೆ ಪಟ್ಟಿ ಬದಲಿಸುತ್ತ ಹಾಡಿದ. ಪ್ರವಾಸಕ್ಕೆ ಕೊಟ್ಟ ಹೆಸರಿನಲ್ಲೇ ಇದು ನನ್ನ ಒಣ ಜಂಬದ ತಿರುಗಾಟ, ಯಾರೂ ಸಲಹೆ ಕೊಡದ ಸಾಹಸ ಎಂಬ ಧ್ವನಿಯಿತ್ತು. ಸಭಾಂಗಣಗಳು ತುಂಬಿದವು. ಕ್ಯಾಸೆಟ್ಟಿನ ಇನ್ನೊಂದು ಬದಿ ಕೇಳಿದವರೆಲ್ಲ ಬಂದಿದ್ದರು, ಹನ್ನೊಂದು ನಿಮಿಷದ ‘ಆಲ್ಬುಕರ್ಕಿ’ಯ ಒಂದೊಂದು ಮಾತೂ ಬಾಯಿಪಾಠ ಇದ್ದವರು. ಅದೇ ವರ್ಷ ಆಗಸ್ಟ್‌ನಲ್ಲಿ ಹಾಲಿವುಡ್ಡಿನ ಪಾದಚಾರಿ ಹಾದಿಯಲ್ಲಿ ಆತನ ಹೆಸರಿನ ನಕ್ಷತ್ರ ಕೂಡಿಸಿದರು. ಅದಕ್ಕಾಗಿ ವರ್ಷಗಟ್ಟಲೆ ಅರ್ಜಿ ಹಿಡಿದು, ಹಣ ಒಟ್ಟುಮಾಡಿದ್ದು ಅಭಿಮಾನಿಗಳು.

ಕೊನೆಗೆ ಸಿನಿಮಾದ ಮಾತು. 2022ರಲ್ಲಿ ‘ವಿಯರ್ಡ್: ದ ಆಲ್ ಯಾಂಕೋವಿಕ್ ಸ್ಟೋರಿ’ ಬಂತು, ಹ್ಯಾರಿ ಪಾಟರ್ ಆಗಿದ್ದ ಡೇನಿಯಲ್ ರ‍್ಯಾಡ್‌ಕ್ಲಿಫ್ ಯಾಂಕೋವಿಕ್‌ನ ಪಾತ್ರದಲ್ಲಿ. ಹಿಂದೊಮ್ಮೆ ಬ್ರಿಟಿಷ್ ಟೀವಿಯ ಹರಟೆ ಕಾರ್ಯಕ್ರಮವೊಂದರಲ್ಲಿ ರ‍್ಯಾಡ್‌ಕ್ಲಿಫ್, ರಾಸಾಯನಿಕ ಮೂಲಧಾತುಗಳ ಹೆಸರನ್ನೆಲ್ಲ ಒಂದೇ ಉಸಿರಿಗೆ ಪೋಣಿಸುವ ಟಾಮ್ ಲೆಹ್ರರ್‌ನ ಹಾಡನ್ನು ತಪ್ಪಿಲ್ಲದೆ ಹಾಡಿದ್ದನ್ನು ನೋಡಿ, ಇವನು ನಮ್ಮವನೇ ಎಂದು ಆರಿಸಿದರಂತೆ. ಡಿಮೆಂಟೊನ ಭಾನುವಾರ ರಾತ್ರಿಗಳಲ್ಲಿ ಬರುತ್ತಿದ್ದ ಅದೇ ಲೆಹ್ರರ್. ಸಂಗೀತಗಾರರ ಜೀವನಚರಿತ್ರೆಯ ಸಿನಿಮಾಗಳನ್ನೇ ಅಣಕಿಸುವ ಈ ಚಿತ್ರದಲ್ಲಿ ಹೆಚ್ಚುಕಡಿಮೆ ಎಲ್ಲವೂ ಸುಳ್ಳು, ಹಾಗೆಂದೇ ಅದಕ್ಕೆ ಎಮ್ಮಿ ಪ್ರಶಸ್ತಿಯೂ ಬಂತು ಎನ್ನಬಹುದು. ಅದರಲ್ಲಿ ದೊಡ್ಡ ಸುಳ್ಳು, ‘ಈಟ್ ಇಟ್’ ಯಾಂಕೋವಿಕ್‌ನ ಸ್ವಂತ ಹಾಡು ಎಂಬುದು. ಅದನ್ನು ಮೈಕಲ್ ಜಾಕ್ಸನ್ ಕದ್ದು ‘ಬೀಟ್ ಇಟ್’ ಎಂದು ಅಣಕಿಸಿದ ಎಂದು ಗೊತ್ತಾಗಿ ಆತ ಕೆಂಡವಾಗುತ್ತಾನೆ. ವಿಮರ್ಶಕರು ಇದನ್ನು ಒಳ್ಳೆಯ ಜೋಕು ಎಂದು ಗುರುತಿಸಿದರು. 1984ರಲ್ಲಿ ಒಂಬತ್ತು ವರ್ಷದವರಾಗಿದ್ದು, ಅಣ್ಣನ ಕ್ಯಾಸೆಟ್ಟಿನಲ್ಲಿ ಒಂದನ್ನು ಮೊದಲು, ಅಂಗಡಿಯ ರೇಡಿಯೊದಲ್ಲಿ ಇನ್ನೊಂದನ್ನು ಆಮೇಲೆ ಕೇಳಿದವರಿಗೆ ಮಾತ್ರ ಆ ದೃಶ್ಯದಲ್ಲಿ ಸುಳ್ಳೇನೂ ಕಾಣಲಿಲ್ಲ.